ಚಿತ್ರದಿನಚರಿ ಎರಡನೇ ವಾರಕ್ಕೇ ನಿಂತುಹೋದಾಗ

ನಮಸ್ಕಾರ. ಜಲವರ್ಣ ಹಚ್ಚಿದೊಡನೆ ಹಾಳೆ ಸುಕ್ಕಾಗುತ್ತದೆ, ದಿನಕ್ಕೊಂದು ಪುಟವೆಂದು ಆರಂಭಿಸಿದ ಚಿತ್ರದಿನಚರಿ ಎರಡನೇ ವಾರಕ್ಕೇ ನಿಂತುಹೋಗುತ್ತದೆ ಎಂದು ಬರೆದಿದ್ದೀರಿ. ನನ್ನ ಅನುಭವದಲ್ಲಿ ಈ ಎರಡು ತೊಂದರೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಸಾಮಾನ್ಯ ನೋಟ್‌ಬುಕ್ಕಿನ ತೆಳು ಹಾಳೆಯಲ್ಲಿ ನೀರು ಹೀರಿದ ನಾರುಗಳು ಉಬ್ಬಿ, ಒಣಗುವಾಗ ಒಂದೇ ಸಮನಾಗಿ ಕುಗ್ಗದೆ ಪುಟ ಸೊಟ್ಟಗಾಗುತ್ತದೆ. ಹಾಗೆ ಕೆಟ್ಟ ಪುಟವನ್ನು ಮರುದಿನ ತೆರೆಯಲು ಮನಸ್ಸೇ ಬರುವುದಿಲ್ಲ. 300 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಯ ಪುಸ್ತಕ ಉತ್ತಮವೇ ಆದರೂ ದುಬಾರಿ, ಆ ಬೆಲೆಯ ಅಳುಕೇ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ 200 ಜಿಎಸ್‌ಎಂ ಆಸುಪಾಸಿನ, ಎ5 ಅಳತೆಯ ಪುಸ್ತಕವನ್ನು ಕೊಂಡು, ಬಣ್ಣವನ್ನು ತೆಳುವಾಗಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ರಾತ್ರಿಯಿಡೀ ಭಾರದ ಪುಸ್ತಕಗಳ ಅಡಿಯಲ್ಲಿ ಇಡಿ. ರೇಖೆಗಳಿಗೆ, ಒಣಗಿದ ಮೇಲೆ ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನು ಬಳಸಿ.

ದಿನಕ್ಕೊಂದು ಪುಟ ಎಂಬ ನಿಯಮವನ್ನು ದಯವಿಟ್ಟು ಕೈಬಿಡಿ. ಕಾಫಿ ಲೋಟ, ಮೊರದಲ್ಲಿ ಒಣಗುತ್ತಿರುವ ಮೆಣಸಿನಕಾಯಿ, ಬಾಗಿಲ ಮುಂದಿನ ರಂಗೋಲಿಯ ಒಂದು ಎಳೆ, ಹೀಗೆ ಹತ್ತು ನಿಮಿಷದಲ್ಲಿ ಮುಗಿಯುವುದನ್ನು ಬಿಡಿಸಿ, ಪಕ್ಕದಲ್ಲಿ ದಿನಾಂಕ ಬರೆದರೆ ಸಾಕು. ತಪ್ಪಿದ ದಿನಗಳಿಗಾಗಿ ಖಾಲಿ ಪುಟ ಬಿಡಬೇಡಿ. ಜಾಗವಿದ್ದರೆ ಅದೇ ಪುಟದಲ್ಲಿ ಮುಂದಿನ ಚಿತ್ರವನ್ನು ಬಿಡಿಸಿ.