ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡಲು ಯಾವ ಕಾಯಿಲ್ ವೈಂಡಿಂಗ್ ಮಷಿನ್ ತಗೊಳ್ಳಬೇಕು?

ಹುಮನಾಬಾದ್‌ನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ, 9-0-9, 12-0-12 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಕಡೆ 9 ಅಥವಾ 12 ವೋಲ್ಟ್ ಕೊಡುವಂಥದ್ದು) ಶುರು ಮಾಡಬೇಕು, ಒಂದು ಸ್ಪಿಂಡಲ್ (ಕಾಯಿಲ್ ಕೂರಿಸಿ ತಿರುಗಿಸುವ ಕಡ್ಡಿ) ಇರುವ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ ಸಾಕಾ, ಸಾಲ ಮಾಡಿ ಎರಡು ಸ್ಪಿಂಡಲ್‌ದು ತರಲಾ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಆರ್‌ಪಿಎಂ ಎಷ್ಟು, ಸ್ಪಿಂಡಲ್ ಎಷ್ಟು, ಇಷ್ಟೇ ನೋಡಿದೆ. ವೈರನ್ನು ಹದವಾಗಿ ಬಿಗಿ ಹಿಡಿಯುವ ಟೆನ್ಷನರ್ ಕಡೆ ಕಣ್ಣೇ ಹಾಯಿಸಲಿಲ್ಲ.

ನಮ್ಮದೂ ರಿವೈಂಡಿಂಗ್ ಅಂಗಡಿಯೇ. ಬೇಳೆ ಮಿಲ್ ಮೋಟಾರು, ಹೊಲದ ಸಬ್‌ಮರ್ಸಿಬಲ್ಲು. ತೊಗರಿ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ, ಸೀಸನ್ ಮುಗಿದರೆ ಕೆಲಸವೇ ಇಲ್ಲ. ಪಂಪ್‌ಸೆಟ್ ಆಟೋ ಸ್ವಿಚ್ ಬೋರ್ಡ್ ಮಾಡುವ ಗಿರಾಕಿಯೊಬ್ಬರು ಹೈದರಾಬಾದ್‌ನಿಂದ ಟ್ರಾನ್ಸ್‌ಫಾರ್ಮರ್ ತರಿಸುತ್ತಿದ್ದರು. "ನೀವೇ ಮಾಡಿಕೊಡ್ರಿ ಅಣ್ಣಾ, ಎಷ್ಟಾದರೂ ತಗೋತೀನಿ" ಅಂದರು. ಕೈಮಷಿನ್‌ನಲ್ಲಿ ಸುತ್ತಿಕೊಟ್ಟೆವು. ಮಾಲು ಚೆನ್ನಾಗಿ ಬಂತು, ಆರ್ಡರ್ ಜಾಸ್ತಿ ಆಯಿತು. ಮಷಿನ್ ನೋಡಲು ಹೊರಟೆ.

ಹೈದರಾಬಾದ್‌ನ ಅಂಗಡಿಯಲ್ಲಿ ಡೆಮೋ ತೋರಿಸಿದರು. ಸ್ಕ್ರೀನ್‌ನಲ್ಲಿ ಸುತ್ತಿನ ಸಂಖ್ಯೆ ಹಾಕಿ ಬಟನ್ ಒತ್ತಿದರೆ ಮುಗಿಯಿತು, ವೈರ್ ಸಾಲಾಗಿ ಕೂರುತ್ತಿತ್ತು. ನೋಡಿದ ತಕ್ಷಣ ಅಡ್ವಾನ್ಸ್ ಕೊಟ್ಟುಬಿಟ್ಟೆ. ಆದರೆ ಆ ಡೆಮೋದ ಬಾಬಿನ್ (ವೈರ್ ಸುತ್ತುವ ಚೌಕಟ್ಟು) ಅವರದು, ಅದೂ ದುಂಡಗಿನದು. ವೈರೂ ಅವರದೇ, ಸುಮಾರು 28 ಗೇಜು (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ವೈರ್ ತೆಳು). ನಾನು ಊರಲ್ಲಿ ಸುತ್ತಬೇಕಾದದ್ದು ಚೌಕ ಬಾಬಿನ್ ಮೇಲೆ 38 ಗೇಜು. ಒಂದು ಬಾಬಿನ್, ಒಂದು ರೀಲ್ ಚೀಲಕ್ಕೆ ಹಾಕಿಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಉಳಿದ ನಷ್ಟವೆಲ್ಲ ಅಲ್ಲಿಂದ ಶುರು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಮೋಟಾರ್ ಕೆಲಸ ಮಾಡಿದವರಿಗೆ ಇದು ಬೇಗ ಹೊಳೆಯುವುದಿಲ್ಲ.

ದುಂಡು ಬಾಬಿನ್ ತಿರುಗುವಾಗ ವೈರನ್ನು ಒಂದೇ ಸಮ ಎಳೆಯುತ್ತದೆ. ಚೌಕ ಬಾಬಿನ್ ಹಾಗಲ್ಲ. ಮೂಲೆ ಬಂದಾಗ ಗಬಕ್ಕನೆ ಎಳೆಯುತ್ತದೆ, ಸಪಾಟು ಕಡೆ ಬಂದಾಗ ಸಡಿಲ ಬಿಡುತ್ತದೆ. ಒಂದು ಸುತ್ತಿಗೆ ನಾಲ್ಕು ಸಲ. ನಿಮಿಷಕ್ಕೆ 2000 ಸುತ್ತಿನಲ್ಲಿ ಓಡಿಸಿದರೆ 8000 ಜಗ್ಗಾಟ. ಈ ಜಗ್ಗಾಟ ನುಂಗಲು ಟೆನ್ಷನರ್ ಮೇಲೆ ಸ್ಪ್ರಿಂಗ್ ಇರುವ ಉದ್ದ ಕೋಲು ಬೇಕು. ಮೂಲೆ ಬಂದಾಗ ಕೋಲು ಬಗ್ಗಿ ವೈರ್ ಕೊಡುತ್ತದೆ, ಸಡಿಲ ಆದಾಗ ವಾಪಸ್ ಎದ್ದು ಎಳೆದುಕೊಳ್ಳುತ್ತದೆ. ನನ್ನ ಮಷಿನ್ ಜೊತೆ ಬಂದಿದ್ದು ಬರೀ ಎರಡು ಫೆಲ್ಟ್ ಬಟ್ಟೆ, ನಡುವೆ ವೈರು, ಮೇಲೊಂದು ಬಿಗಿ ಮಾಡುವ ಸ್ಕ್ರೂ. ದಪ್ಪ ವೈರಿಗೆ ಅದು ನಡೆಯುತ್ತದೆ. 22 ಗೇಜ್ ವೈರ್ 0.71 ಮಿಲಿಮೀಟರ್, 38 ಗೇಜ್ 0.15. ಅಡ್ಡ ಕೊಯ್ದು ನೋಡಿದರೆ ಒಂದರಲ್ಲಿ ಇನ್ನೊಂದರ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ತಾಮ್ರ. ಎರಡಕ್ಕೂ ಒಂದೇ ಸ್ಕ್ರೂ ಹೇಗೆ ಸಾಕಾದೀತು?

ಫೆಲ್ಟ್ ಸಡಿಲ ಬಿಟ್ಟರೆ ಕಾಯಿಲ್ ಉಬ್ಬುತ್ತಿತ್ತು, ಸ್ಟ್ಯಾಂಪಿಂಗ್ (ಕೋರ್ ಆಗುವ ಕಬ್ಬಿಣದ ತೆಳು ತಗಡು) ಹಾಕುವಾಗ ಮೇಲಿನ ಪದರಕ್ಕೆ ತರಚುತ್ತಿತ್ತು. ಅದಕ್ಕೇ ಸ್ಕ್ರೂ ಬಿಗಿ ಮಾಡಿದೆ. ಕಾಯಿಲ್ ಕಲ್ಲಿನಂತೆ ಗಟ್ಟಿ ಬಂತು, ನೋಡಲು ಬಲು ಚಂದ. ಆಗಾಗ ವೈರ್ ಕಡಿಯುತ್ತಿತ್ತು. ವೈರೇ ಸರಿ ಇಲ್ಲ ಅಂದುಕೊಂಡು ಕಂಪನಿ ಬದಲಿಸಿದೆ. ನಮ್ಮ ಕಡೆಯ ಧೂಳು ನಿಮಗೆ ಗೊತ್ತಲ್ಲ, ಫೆಲ್ಟ್‌ನಲ್ಲಿ ಅದು ಕೂತು, ವೈರಿನ ಮೇಣವೂ ಸೇರಿ, ಹಿಡಿತ ತಾನಾಗಿಯೇ ಇನ್ನೂ ಬಿಗಿ ಆಗುತ್ತಾ ಹೋಯಿತು.

ತಾಮ್ರ ಮೆತ್ತಗಿನ ಲೋಹ. ಕಡಿಯುವ ಮುಂಚೆ ಹಿಗ್ಗುತ್ತದೆ. ಹಿಗ್ಗಿದ ಕಡೆ ಸಣ್ಣಗಾಗುತ್ತದೆ, ಮೇಲಿನ ಎನಾಮಲ್ (ಕರೆಂಟ್ ದಾಟದಂತೆ ತಡೆಯುವ ಲೇಪ) ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿಯುತ್ತದೆ. ಅಂಗಡಿಯಲ್ಲಿ 230 ವೋಲ್ಟ್ ಕೊಟ್ಟು ನೋಡಿದರೆ ಎಲ್ಲ ಪಾಸು. ಸೆಕೆಂಡರಿ (ಹೊರಗೆ ಕರೆಂಟ್ ಕೊಡುವ ಕಾಯಿಲ್) ವೋಲ್ಟೇಜ್ ಸರಿ, ಸದ್ದಿಲ್ಲ, ಬಿಸಿ ಇಲ್ಲ. ಮಾಲು ಕೊಟ್ಟೆ. ಅದು ಆಳಂದ, ಅಫಜಲಪುರ ಕಡೆಯ ಹೊಲಗಳಿಗೆ ಹೋಯಿತು. ಬಿಸಿಲಲ್ಲಿ ತಗಡಿನ ಡಬ್ಬಿಯೊಳಗೆ ಕೂತಿತು. ರಾತ್ರಿ ಲೋಡ್ ಕಮ್ಮಿ ಆದಾಗ ವೋಲ್ಟೇಜ್ ಏರಿತು, ಕೋರ್ ಬಿಸಿಯಾಯಿತು. ಬಿರಿದ ಎರಡು ಸುತ್ತು ಒಂದಕ್ಕೊಂದು ತಾಗಿದವು. ಒಂದೇ ಒಂದು ಸುತ್ತು ಶಾರ್ಟ್ ಆದರೂ ಸಾಕು, ಅದರಲ್ಲಿ ಸಿಕ್ಕಾಪಟ್ಟೆ ಕರೆಂಟ್ ಓಡಿ ಪಕ್ಕದ್ದನ್ನೂ ಸುಡುತ್ತದೆ. ಬೇಸಿಗೆಯಲ್ಲಿ ಮಾಲು ಚೀಲಗಟ್ಟಲೆ ವಾಪಸ್ ಬಂತು. ನೀರಿಲ್ಲದೆ ಬೆಳೆ ಒಣಗಿದ ರೈತರು ಆ ಗಿರಾಕಿಯ ಬಾಗಿಲಿಗೆ ಬಂದು ಕೂತರು. ನಾನು ಎಲ್ಲವನ್ನೂ ಬದಲಿಸಿ ಕೊಟ್ಟೆ, ಆದರೂ ಆ ಗಿರಾಕಿ ಮತ್ತೆ ಬರಲಿಲ್ಲ.

ಕಾರಣ ಗೊತ್ತಾಗಿದ್ದು ಸಾದಾ ಮಲ್ಟಿಮೀಟರ್‌ನಿಂದ. ಅದೇ ಬಾಬಿನ್, ಅದೇ ರೀಲು, ಅಷ್ಟೇ ಸುತ್ತು. ಕೈಯಲ್ಲಿ ಸುತ್ತಿದ್ದರ ಪ್ರೈಮರಿ (230 ವೋಲ್ಟ್ ಬರುವ ಕಾಯಿಲ್) 300 ಓಮ್ ಆಸುಪಾಸು, ಮಷಿನ್‌ದು 315 ದಾಟುತ್ತಿತ್ತು. ಹಿಗ್ಗಿ ಸಣ್ಣಗಾದ ವೈರಿನ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ವೈರ್ ಹಿಗ್ಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈ ಪರೀಕ್ಷೆ ನೀವೂ ಮಾಡಿ, ಆದರೆ ಎರಡು ಕಾಯಿಲ್‌ಗಳನ್ನೂ ಪಕ್ಕಪಕ್ಕ ಇಟ್ಟು ಒಂದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಳೆದರೆ ಮೋಸ ಹೋಗುತ್ತೀರಿ. 10 ಡಿಗ್ರಿ ಬಿಸಿ ಏರಿದರೆ ತಾಮ್ರದ ಓಮ್ ಸುಮಾರು ನೂರಕ್ಕೆ 4 ಏರುತ್ತದೆ. ಅಂದರೆ 300ಕ್ಕೆ 12 ಓಮ್ ಬರೀ ಬಿಸಿಲಿನದೇ ಆಗುತ್ತದೆ.

ಈಗ ನಿಮ್ಮ ಎರಡು ಸ್ಪಿಂಡಲ್ ವಿಷಯ. ಬೇಡ. ಮಾಮೂಲಾಗಿ ಸಿಗುವ ಮಷಿನ್‌ನಲ್ಲಿ ಎರಡೂ ಸ್ಪಿಂಡಲ್ ಒಟ್ಟಿಗೆ ತಿರುಗುತ್ತವೆ. ಎರಡರಲ್ಲೂ ಒಂದೇ ಮಾಲು ಸುತ್ತಬೇಕು, ಒಂದರ ವೈರ್ ಕಡಿದರೆ ಎರಡೂ ನಿಲ್ಲಬೇಕು. ದಿನಾ ಅದೇ ಪೀಸ್ ಸಾವಿರಗಟ್ಟಲೆ ಹೋಗುವವರಿಗೆ ಅದು ಸರಿ. ನಿಮಗೆ ಇವತ್ತು 9-0-9, ನಾಳೆ 12-0-12, ನಾಡಿದ್ದು ಸ್ಟೆಬಿಲೈಜರ್‌ದು ಬರುತ್ತದೆ.

ಸ್ಪೀಡ್ ಲೆಕ್ಕವನ್ನೂ ಹಾಕಿ ನೋಡಿ. ಅರ್ಧ ಆಂಪಿಯರ್ 9-0-9ಗೆ ಪ್ರೈಮರಿ ಹತ್ತಿರಹತ್ತಿರ 3000 ಸುತ್ತು. 1500 ಆರ್‌ಪಿಎಂನಲ್ಲಿ ಎರಡು ನಿಮಿಷ, 3000ದಲ್ಲಿ ಒಂದು. ಉಳಿಯುವುದು ಒಂದು ನಿಮಿಷ. ಟೇಪ್ ಸುತ್ತುವುದು, ತುದಿ ಕೆರೆದು ಲೀಡ್ ಬೆಸುಗೆ ಹಾಕುವುದು, ಸ್ಲೀವ್ ಏರಿಸುವುದು, ಇ ಮತ್ತು ಐ ಸ್ಟ್ಯಾಂಪಿಂಗ್ ಆಚೀಚೆ ಕೂರಿಸುವುದು, ವಾರ್ನಿಶ್ ಅದ್ದಿ ಒಣಗಿಸುವುದು, ಎಲ್ಲ ಕೈಯದೇ ಕೆಲಸ, ಹೊತ್ತು ಹೋಗುವುದೂ ಅಲ್ಲೇ. ಸುತ್ತುವ ಮಷಿನ್ ಜೋರಾದಷ್ಟೂ ಸ್ಟ್ಯಾಂಪಿಂಗ್ ಟೇಬಲ್ ಮೇಲೆ ಬಾಬಿನ್ ಗುಡ್ಡೆ ಬೀಳುತ್ತದೆ, ಅಷ್ಟೇ.

ಒಂದು ಸ್ಪಿಂಡಲ್‌ದು ತಗೊಳ್ಳಿ. ನಿಧಾನ ಎದ್ದು ನಿಧಾನ ನಿಲ್ಲುವಂಥದ್ದು ಇರಲಿ, ಮೊದಲ ಕೆಲವು ಸುತ್ತಿನ ಸ್ಪೀಡ್ ಬೇರೆ ಸೆಟ್ ಮಾಡಲು ಬರಬೇಕು. ಕರೆಂಟ್ ಹೋಗಿ ಬಂದರೆ ಎಣಿಕೆ ಎಲ್ಲಿ ನಿಂತಿತ್ತೋ ಅಲ್ಲೇ ಇರಬೇಕು. ಅಂಗಡಿಯವರ ಮುಂದೆಯೇ ಸುತ್ತುವಾಗ ಪ್ಲಗ್ ಕಿತ್ತು ನೋಡಿ, ಸಂಕೋಚ ಬೇಡ. ಟೆನ್ಷನರ್ ಎರಡು ಕೊಳ್ಳಿ, ತೆಳು ವೈರಿಗೊಂದು, ದಪ್ಪಕ್ಕೊಂದು, ಎರಡಕ್ಕೂ ಸ್ಪ್ರಿಂಗ್ ಕೋಲು ಇರಲಿ. ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ವೈರ್ ಸರಿಯುವ ಅಳತೆ) ಹಾಕುವಾಗ ಚಾರ್ಟ್‌ನ 0.15 ಹಾಕಬೇಡಿ, ಅದು ಬರೀ ತಾಮ್ರದ ಅಳತೆ. ಎನಾಮಲ್ ಸೇರಿಸಿ ಮೈಕ್ರೋಮೀಟರ್‌ನಲ್ಲಿ ಅಳೆದು, ಅದಕ್ಕಿಂತ ಒಂದು ಕೂದಲು ಜಾಸ್ತಿ ಇಡಿ. ಇಲ್ಲದಿದ್ದರೆ ಸುತ್ತಿನ ಮೇಲೆ ಸುತ್ತು ಏರುತ್ತದೆ. ಬಾಬಿನ್‌ನ ಎರಡೂ ಗೋಡೆ ಹತ್ತಿರ ಕಣ್ಣಿಟ್ಟು ನೋಡಿ. ಮೇಲಿನ ಪದರದ ವೈರ್ ಗೋಡೆಯ ಸಂದಿಯಲ್ಲಿ ಜಾರಿ ತಳದ ಪದರಕ್ಕೆ ಬಿದ್ದರೆ, ಅವೆರಡರ ನಡುವೆ ವೋಲ್ಟೇಜ್ ಬಹಳ ಇರುತ್ತದೆ. ಅಂಥ ಪೀಸ್ ಬೇಗ ಸುಡುತ್ತದೆ.

ಎರಡನೇ ಸ್ಪಿಂಡಲ್‌ಗೆ ಇಟ್ಟ ದುಡ್ಡಿನಲ್ಲಿ ವಾರ್ನಿಶ್ ಒಣಗಿಸಲು ಓವನ್ ಮತ್ತು ಇನ್ಸುಲೇಷನ್ ಟೆಸ್ಟರ್ ಕೊಳ್ಳಿ. ಪ್ರತಿ ಪೀಸನ್ನೂ ಲೋಡ್ ಇಲ್ಲದೆ ಒಂದು ಗಂಟೆ ಓಡಿಸಿ, ನೋ-ಲೋಡ್ ಕರೆಂಟ್ ಏರುತ್ತಿದೆಯಾ ನೋಡಿ. ಸಾಲ ಬೇಡವೇ ಬೇಡ, ಮೊದಲ ವರ್ಷ ವಾಪಸ್ ಬರುವ ಮಾಲಿಗೂ ದುಡ್ಡು ಬೇಕಾಗುತ್ತದೆ. ಕೈಮಷಿನ್ ಇದ್ದರೆ ಮಾರಬೇಡಿ, ಒಂದೇ ಪೀಸ್ ರಿಪೇರಿಗೆ ಬಂದಾಗ ಅದೇ ಬೇಗ ಆಗುತ್ತದೆ.

ಡೆಮೋ ನೋಡಲು ಹೋಗುವ ಮುಂಚೆ ನಿಮ್ಮ ಬಾಬಿನ್ ಸೈಜು, ತೀರಾ ತೆಳು ಮತ್ತು ತೀರಾ ದಪ್ಪ ವೈರಿನ ಗೇಜು ಇಲ್ಲಿ ಬರೆಯಿರಿ. ಯಾವ ರೇಂಜಿನ ಟೆನ್ಷನರ್ ಕೇಳಬೇಕು ಅಂತ ಹೇಳುತ್ತೇನೆ.