ಅಪ್ಪನ ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡಿ ಶಾಶ್ವತವಾಗಿ ಉಳಿಸಲು ಯಾವ ಆನ್‌ಲೈನ್ ಸೇವೆ ಒಳ್ಳೆಯದು?

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು ಅಂದಿದ್ದೀರಿ. ದಯವಿಟ್ಟು ಆಲ್ಬಮ್‌ನಿಂದ ಒಂದು ಫೋಟೊವನ್ನೂ ಕೀಳಬೇಡಿ. ಅಮ್ಮ ಹೋದ ಮೇಲೆ ನಾನು ಕಿತ್ತೆ.

ನಾಲ್ಕು ಆಲ್ಬಮ್, ಆರುನೂರಕ್ಕೂ ಹೆಚ್ಚು ಫೋಟೊ. ಒಂದೇ ಅಳತೆಯ ನಾಲ್ಕನ್ನು ಸ್ಕ್ಯಾನರ್ ಗಾಜಿನ ಮೇಲೆ ಒಟ್ಟಿಗೆ ಇಟ್ಟರೆ ಬೇಗ ಮುಗಿಯುತ್ತದೆಂದು ಎಲ್ಲವನ್ನೂ ಬಿಡಿಸಿ, ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಗುಡ್ಡೆ ಹಾಕಿದೆ. ಸ್ಕ್ಯಾನ್‌ಗಳೇನೋ ಚೆನ್ನಾಗಿಯೇ ಬಂದವು: 600 ಡಿಪಿಐ (ಇಂಚಿಗೆ 600 ಬಿಂದು), ಗುಣಮಟ್ಟ ಕುಗ್ಗಿಸದ ಟಿಫ್ ಫೈಲ್, ಒಂದು ಧೂಳಿನ ಚುಕ್ಕೆಯಿಲ್ಲ. ಖಾಲಿ ಆಲ್ಬಮ್‌ಗಳನ್ನು ಎಸೆದೆ.

ಎಸೆದದ್ದು ಬರೀ ರಟ್ಟಲ್ಲ, ಅಮ್ಮ ಜೋಡಿಸಿದ್ದ ಕ್ರಮ. ದಾಖಲೆ ಕಾಯುವವರು ಮೂಲ ಕ್ರಮವನ್ನು ಕದಲಿಸಬೇಡಿ ಅನ್ನುವುದು ಇದಕ್ಕೇ. ಹಳೇ ಕ್ಯಾಮೆರಾದ ಒಂದು ಫಿಲ್ಮ್ ರೋಲಿನಲ್ಲಿ ಹೆಚ್ಚಾಗಿ 24 ಅಥವಾ 36 ಚಿತ್ರ. ತೊಳೆದು ಬಂದವು ಸಾಮಾನ್ಯವಾಗಿ ಅಕ್ಕಪಕ್ಕದ ಪುಟಗಳಲ್ಲೇ ಕೂರುತ್ತವೆ. ಗುರುತು ಸಿಗದ ಮುಖದ ಮುಂದಿನ ಫೋಟೊದಲ್ಲಿ ಗುರುತಿರುವ ಮನೆ ಇದ್ದರೆ ಅದೇ ಸುಳಿವು. ಅಮ್ಮನ ಭುಜದ ಮೇಲೆ ಕೈಯಿಟ್ಟು, ಬಲಗೈಗೆ ಗಡಿಯಾರ ಕಟ್ಟಿಕೊಂಡು ನಿಂತ ಹೆಂಗಸೊಬ್ಬರು ಮೂರು ಫೋಟೊಗಳಲ್ಲಿದ್ದಾರೆ. ಹಿಂದೆ ಬರೀ ಗೋಡೆ. ಮೂರೂ ಒಂದೇ ಪುಟದಲ್ಲಿದ್ದವೋ, ಮೂರು ಆಲ್ಬಮ್‌ಗಳಲ್ಲಿದ್ದವೋ ಗೊತ್ತಿದ್ದರೆ ಅವರು ಒಂದು ದಿನದ ಪರಿಚಯವೋ ಬಹುಕಾಲದ ಗೆಳತಿಯೋ ಎಂದಾದರೂ ತಿಳಿಯುತ್ತಿತ್ತು. ಹೆಸರು ಹೇಳಬಲ್ಲವರು ಚಿಕ್ಕಮ್ಮ ಒಬ್ಬರೇ. ಎಲ್ಲ ಮುಗಿಸಿ ತೋರಿಸೋಣ ಅಂದುಕೊಂಡೆ. ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು, ಅಷ್ಟರಲ್ಲಿ ಚಿಕ್ಕಮ್ಮನೂ ಹೋದರು.

ಹಾಗಾಗಿ ಸೇವೆಯ ಪ್ರಶ್ನೆ ಕಡೆಗಿರಲಿ. ಆಲ್ಬಮ್‌ಗಳಿಗೆ ನಂಬರ್ ಹಾಕಿ, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೊಂದು ಪುಟವನ್ನೂ ಇಡಿಯಾಗಿ ಮೊಬೈಲಲ್ಲಿ ತೆಗೆದುಕೊಳ್ಳಿ. ಅದೇ ವಾರ ಅಪ್ಪನ ಓರಗೆಯವರ ಹತ್ತಿರ ಹೋಗಿ ರೆಕಾರ್ಡರ್ ಆನ್ ಮಾಡಿ. “ಎರಡನೇ ಆಲ್ಬಮ್, ಐದನೇ ಪುಟ, ಮೇಲೆ ಎಡಗಡೆ” ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಅವರು “ಇವನಾ, ಇವನು ನಮ್ಮ ಜೊತೆ ಓದಿದವನು” ಅಂದದ್ದು ಯಾರನ್ನು ಎಂಬುದು ಆಮೇಲೆ ತಿಳಿಯುವುದಿಲ್ಲ. ಹೆಸರು ಹೊಳೆಯದಿದ್ದರೆ “ಇದು ಯಾರ ಮನೆ ಬಾಗಿಲು?”, “ಫೋಟೊ ತೆಗೆದದ್ದು ಯಾರು?” ಎಂದು ಕೇಳಿ. ಮುಕ್ಕಾಲು ಗಂಟೆಗೆ ನಿಲ್ಲಿಸಿ. ಹಿರಿಯರು ದಣಿದರೆ ಎಲ್ಲರೂ “ಯಾರೋ” ಆಗಿಬಿಡುತ್ತಾರೆ.

ಬರೆಯುವಾಗ “ಅತ್ತೆ” ಎಂದಷ್ಟೇ ಬರೆಯಬೇಡಿ. ಅಪ್ಪನ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಪೂರ್ತಿ ಹೆಸರು, ಜೊತೆಗೆ “ಅಪ್ಪನ ಎರಡನೇ ತಂಗಿ”.

ಆಲ್ಬಮ್ಮಿಗೆ ಸೇರದೆ ಬಿಡಿಯಾಗಿರುವ ಫೋಟೊದ ಬೆನ್ನಿಗೆ ಮೆದು ಸೀಸದ 2ಬಿ ಪೆನ್ಸಿಲ್‌ನಲ್ಲಿ, ಗಟ್ಟಿ ಹಲಗೆಯ ಮೇಲಿಟ್ಟು, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಗೆರೆ ಮುಂಬದಿಗೆ ಉಬ್ಬಿ ಬರುತ್ತದೆ, ಶಾಯಿ ಕೆಳಗಿನ ಫೋಟೊಗೆ ಹತ್ತಬಹುದು. ಕಲರ್ ಪ್ರಿಂಟ್‌ಗಳ ನುಣುಪು ಬೆನ್ನು ಪೆನ್ಸಿಲ್ ಹಿಡಿಯುವುದಿಲ್ಲ. ಖಾಲಿ ಕವರಿನ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ. ಅಂಟು ಪುಟಕ್ಕೆ ಕಚ್ಚಿಕೊಂಡಿದ್ದನ್ನು ಎಳೆಯಬೇಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಬಿಡಿಯಾಗಿರುವುದನ್ನು ಎರಡೂ ಬದಿ ಮಾಡಿ, ಬೆನ್ನಿನ ಸ್ಟುಡಿಯೊ ಮುದ್ರೆಯೂ ಬೇಕು. ಫೈಲಿಗೆ “ಆಲ್ಬಮ್2-ಪುಟ05-ಫೋಟೊ03” ಅನ್ನುವಂಥ ಹೆಸರು.

ಇನ್ನು ಸೇವೆ. ಶಾಶ್ವತವಾದದ್ದು ಯಾವುದೂ ಇಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು, ಅಪ್ಪನ ಮೊಬೈಲಲ್ಲಿ ಅವರ ಖಾತೆ ಇನ್ನೂ ತೆರೆಯುತ್ತಿದ್ದರೆ ಅಲ್ಲಿರುವುದನ್ನು ಈಗಲೇ ಇಳಿಸಿಕೊಳ್ಳಿ. ಎರಡು ಹಾರ್ಡ್ ಡಿಸ್ಕ್, ಅದರಲ್ಲೊಂದು ಬೇರೆಯವರ ಮನೆಯಲ್ಲಿ. ಮೂರನೇ ಪ್ರತಿಗೆ ಯಾವ ಕ್ಲೌಡ್ ಆದರೂ ಸರಿ. ನೆಂಟರಿಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗಿ ಫೈಲಿನ ಹೆಸರೂ ಹೋಗುತ್ತದೆ. ಹೆಸರುಗಳ ಪಟ್ಟಿಯನ್ನು ಮಾತ್ರ ಕಾಗದದ ಮೇಲೆ ಪ್ರಿಂಟ್ ಮಾಡಿ ಆಲ್ಬಮ್‌ನ ಒಳಗೇ ಇಡಿ.