6 ವರ್ಷದ ಮಗನಿಗೆ ಇಂಪ್ರೆಷನಿಸ್ಟ್ ಚಿತ್ರಗಳನ್ನು ಪರಿಚಯಿಸಲು ಯಾವ ಬಣ್ಣ ತುಂಬುವ ಪುಸ್ತಕ ಒಳ್ಳೆಯದು?

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕಿದ್ದೆ. ಕೊನೆಗೆ ಒಂದು ಸಿಕ್ಕಿತು. ಎಡಗಡೆ ಪುಟದಲ್ಲಿ ಓದಲು ಪುಟ್ಟ ಕಥೆ, ಬಲಗಡೆ ಪುಟದಲ್ಲಿ ಅದೇ ಚಿತ್ರ ಬರೀ ಕಪ್ಪು ಗೆರೆಗಳಲ್ಲಿ. ಇಂಪ್ರೆಷನಿಸ್ಟರು ಅಂದರೆ 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನಲ್ಲಿ ಬೆಳಕು, ಬಣ್ಣ ಕಂಡ ಹಾಗೆಯೇ ಬಿಡಿಸಲು ಹೊರಟ ಚಿತ್ರಕಾರರ ಗುಂಪು. ಅವರಲ್ಲಿ ಮೋನೆ, ರೆನ್ವಾ, ಡೆಗಾ ಎಲ್ಲರೂ ಇದ್ದರು. ಮಗಳಿಗೆ ಆಗ ಆರು ವರ್ಷ.

ನಾವಿರುವುದು ಶಿಕಾಗೋ ಹತ್ತಿರ. ಇಲ್ಲಿನ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ಲೋಡ್ ಮೋನೆ ಬಿಡಿಸಿದ ಗೋಧಿ ಮೆದೆಗಳ ಚಿತ್ರ ಆರು ಇವೆ. ಬೇಸಿಗೆ ರಜೆಯಲ್ಲಿ ತೋರಿಸೋಣ, ಅಷ್ಟರೊಳಗೆ ಪುಸ್ತಕದಲ್ಲಿ ಪರಿಚಯ ಆಗಿರಲಿ ಅಂದುಕೊಂಡೆ.

ಮೆದೆಯ ಪುಟ ಬಂದ ದಿನ ಅವಳು ಮೆದೆಗೆ ಗುಲಾಬಿ, ಕೇಸರಿ ಹಾಕಿದಳು. ನೆರಳಿಗೆ ನೀಲಿ ಹಾಕಿದಳು. ಬಣ್ಣ ಗೆರೆ ದಾಟಿ ಆಚೆ ಹೋಗಿತ್ತು. ನಾನು ಪಕ್ಕದಲ್ಲೇ ಕೂತು, "ನೆರಳು ನೀಲಿ ಇರುತ್ತಾ ಪುಟ್ಟಿ? ಬೂದು ಹಾಕು. ಗೆರೆ ದಾಟಬೇಡ" ಅಂದೆ. ಆ ಪುಟದ ಝೆರಾಕ್ಸ್ ತೆಗೆದು ಮತ್ತೆ ಮಾಡಿಸಿದೆ. ಎರಡನೇ ಸಲ ಅಚ್ಚುಕಟ್ಟಾಗಿ ಹಳದಿ, ಬೂದು ತುಂಬಿದಳು. ನಾನು ಅದನ್ನೇ ಫ್ರಿಜ್ ಮೇಲೆ ಅಂಟಿಸಿದೆ. ಅಲ್ಲಿಂದಾಚೆಗೆ ಒಂದೊಂದು ಬಣ್ಣ ಎತ್ತಿಕೊಂಡಾಗಲೂ "ಅಮ್ಮಾ, ಇದು ಸರೀನಾ?" ಅಂತ ನನ್ನ ಮುಖ ನೋಡುತ್ತಿದ್ದಳು. ಮೂರು ವಾರದಲ್ಲಿ ಪುಸ್ತಕ ಮುಟ್ಟುವುದನ್ನೇ ಬಿಟ್ಟಳು.

ಜೂನ್‌ನಲ್ಲಿ ಮ್ಯೂಸಿಯಂಗೆ ಹೋದೆವು. ಹಿಮದ ನಡುವೆ ನಿಂತ ಮೆದೆ, ಸಂಜೆ ಬೆಳಕು. ನೆರಳು ನೀಲಿ! ಅಂಚು ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಅವಳು ತುಂಬಾ ಹೊತ್ತು ನೋಡಿ, "ಅಮ್ಮಾ, ಇಲ್ಲೂ ಗೆರೆ ದಾಟಿದೆ" ಅಂದಳು. ಅವಳ ಕೈ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಮಗುವನ್ನು ತಿದ್ದಿದ್ದು ಆಮೇಲಿನ ಮಾತು. ಆ ಪುಸ್ತಕ ತಂದಿದ್ದೇ ಮೊದಲ ತಪ್ಪು. ಮೋನೆ ಆ ಮೆದೆಯ ಸುತ್ತ ಕಪ್ಪು ಗೆರೆ ಎಳೆದೇ ಇಲ್ಲ. ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ ಇಟ್ಟ, ಅವೆರಡೂ ಸೇರುವ ಕಡೆ ನಮ್ಮ ಕಣ್ಣು ಅಂಚು ಕಾಣುತ್ತದೆ. ಪುಸ್ತಕದವರು ಮೊದಲು ಬಣ್ಣವನ್ನೆಲ್ಲ ತೆಗೆದು, ಅವನು ಎಳೆಯದ ಗೆರೆ ಎಳೆದು, ಈಗ ತುಂಬು ಅಂತ ಮಗುವಿಗೆ ಕೊಡುತ್ತಾರೆ. ಗೆರೆ ಇದ್ದಮೇಲೆ ಮಗು ಬೆಳಕು ನೋಡುವುದಿಲ್ಲ. "ಈ ಖಾನೆ ಯಾವುದು? ಹುಲ್ಲು. ಹುಲ್ಲಿಗೆ ಯಾವ ಬಣ್ಣ? ಹಳದಿ." ಮುಗಿಯಿತು. ಆದರೆ ಹಿಮದ ಮೇಲಿನ ನೆರಳು ನಿಜವಾಗಿಯೂ ನೀಲಿಯೇ. ಅಲ್ಲಿಗೆ ಬಿಸಿಲು ಬೀಳುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ. ಪ್ರತಿ ಚಳಿಗಾಲ ಅದನ್ನು ಬಾಗಿಲಲ್ಲೇ ನೋಡುತ್ತಿದ್ದ ಮಗು ಸರಿಯಾಗಿ ಹಾಕಿತ್ತು. 1874ರಲ್ಲಿ ಪ್ಯಾರಿಸ್‌ನಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನೋಡಿದ ಒಬ್ಬ ವಿಮರ್ಶಕ, ಮೋನೆಯ ಚಿತ್ರಕ್ಕಿಂತ ಗೋಡೆಗೆ ಅಂಟಿಸುವ ಕಾಗದವೇ ವಾಸಿ ಅನ್ನೋ ಹಾಗೆ ಬರೆದಿದ್ದ. ನಾನು ಅಡುಗೆಮನೆ ಟೇಬಲ್ ಹತ್ತಿರ ಕೂತು ಅವನ ಕೆಲಸವನ್ನೇ ಮಾಡಿದ್ದೆ.

ಹಾಗಾಗಿ ಯಾವ ಪುಸ್ತಕ ಅಂತ ನಾನು ಹೇಳುವುದಿಲ್ಲ. ಈ ಚಿತ್ರಗಳಿಗೆ ಬಣ್ಣ ತುಂಬುವ ಪುಸ್ತಕವೇ ಬೇಡ. ಮೇರಿ ಕಸಾಟ್ ತರಹ ಗೆರೆ ಸ್ಪಷ್ಟವಾಗಿ ಬಳಸಿದವರೂ ಆ ಗುಂಪಿನಲ್ಲಿದ್ದರು, ನಿಜ. 1893ರ ಅವರ ಚಿತ್ರವೊಂದರಲ್ಲಿ ಮಗುವಿನ ಕಾಲು ತೊಳೆಯುವ ಹೆಂಗಸಿದ್ದಾಳೆ. ಅದೂ ಇದೇ ಮ್ಯೂಸಿಯಂನಲ್ಲಿದೆ. ಅದನ್ನೂ ಸುಮ್ನೆ ನೋಡಲಿ ಬಿಡಿ.

ಓದುವುದು ಮಾತ್ರ ಖಂಡಿತ ಬೇಕು. ಆದರೆ ಮೋನೆ ಹುಟ್ಟಿದ್ದು 1840, ಊರು ಪ್ಯಾರಿಸ್ ಅಂತ ಶುರು ಮಾಡಬೇಡಿ. ಕೆಲಸ ಮಾಡುವ ಕಥೆ ಓದಿ. 1890ರ ಸುಮಾರಿಗೆ ಫ್ರಾನ್ಸ್‌ನ ಜಿವೆರ್ನಿ ಅನ್ನೋ ಹಳ್ಳಿಯಲ್ಲಿ ಮನೆ ಹತ್ತಿರದ ಹೊಲದಲ್ಲಿ ಮೋನೆ ಕೂತಿದ್ದಾನೆ. ಬೆಳಕು ಬದಲಾಯಿತು. ಇನ್ನೊಂದು ಕ್ಯಾನ್ವಾಸ್ ತಾ ಅಂತ ಮಲಮಗಳನ್ನು ಕಳಿಸುತ್ತಾನೆ. ಮತ್ತೆ ಬದಲಾಯಿತು, ಮತ್ತೊಂದು. ಇದನ್ನು ಓದಿದಾಗ ನನ್ನ ಮಗಳು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದಳು. ಓಡಾಡುವ ಹುಡುಗಿ ಇದ್ದಾಳೆ ಅಲ್ವಾ!

ಇನ್ನೊಂದು ವಿಷಯ ಸಿಕ್ಕಿದ್ದು ನಮ್ಮಮ್ಮನಿಂದ. ಹಾಸನದ ಕಡೆಯವರು. ವಿಡಿಯೋ ಕಾಲ್‌ನಲ್ಲಿ ಚಿತ್ರ ತೋರಿಸಿದರೆ, "ಇದು ಬರೀ ಹುಲ್ಲಲ್ಲ ಕಣೇ, ಒಳಗೆ ಕಾಳಿದೆ" ಅಂದರು. ನೋಡಿದರೆ ನಿಜ. ಅವು 15-20 ಅಡಿ ಎತ್ತರದ, ಇನ್ನೂ ಬಡಿಯದ ಗೋಧಿಯ ಮೆದೆಗಳು. ನಮ್ಮಲ್ಲಿ ರಾಗಿ ಕೊಯ್ದು ಒಕ್ಕಣೆವರೆಗೆ ಮೆದೆ ಹಾಕುವುದಿಲ್ಲವಾ, ಹಾಗೆ. ತೆನೆ ಒಳಗಡೆ, ಕಡ್ಡಿ ಹೊರಗಡೆ, ಮಳೆ ಇಳಿಯದ ಹಾಗೆ ಒಟ್ಟುವುದನ್ನು ಅಮ್ಮ ಕೈಯಲ್ಲೇ ಮಾಡಿ ತೋರಿಸಿದರು. ಒಂದು ಊರಿನ ವರ್ಷದ ಊಟ ಅದರೊಳಗಿದೆ ಅಂತ ಗೊತ್ತಾದ ಮೇಲೆ ಮಗಳಿಗೆ ಆ ಚಿತ್ರ ಬೇರೆಯೇ ಆಯಿತು.

ಬಣ್ಣಕ್ಕೆ ನಾವು ಮಾಡಿದ್ದು ಇಷ್ಟೇ. ಆ ಚಳಿಗಾಲ ಡ್ರೈವ್‌ವೇ ಪಕ್ಕ ಹಿಮ ಗುಡ್ಡೆ ಬಿದ್ದಿತ್ತು. ಕಿಟಕಿಯಿಂದ ಅದನ್ನೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಡಿಸಿದಳು. ಸಲಕ್ಕೊಂದು ಹಾಳೆ, ಇಪ್ಪತ್ತೇ ನಿಮಿಷ. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ. ಮೊದಲ ವಾರ ಅವಳು "ಸರೀನಾ?" ಅಂತ ಕೇಳುತ್ತಲೇ ಇದ್ದಳು. ನಾನು "ಕಿಟಕಿಯಲ್ಲಿ ನೋಡು" ಅಂತಷ್ಟೇ ಹೇಳುತ್ತಿದ್ದೆ. ಕೇಳುವುದು ನಿಲ್ಲಲು ಫೆಬ್ರವರಿ ಆಯಿತು. ನಿಮ್ಮಲ್ಲಿ ಹಿಮ ಇಲ್ಲದಿದ್ದರೆ ಬಾಗಿಲ ಮುಂದಿನ ಹೂಕುಂಡವೇ ಸಾಕು.

ಆ ಪುಸ್ತಕದ ದುಡ್ಡಿಗೆ ಆಯಿಲ್ ಪ್ಯಾಸ್ಟೆಲ್ ಡಬ್ಬಿ ತನ್ನಿ. ಕ್ರೇಯಾನ್ಸ್ ಬೇಡ, ಒಂದರ ಮೇಲೊಂದು ಬಣ್ಣ ಚೆನ್ನಾಗಿ ಕೂರುವುದಿಲ್ಲ. ಜೊತೆಗೆ ಬೂದು ಬಣ್ಣದ ಹಾಳೆ ತನ್ನಿ, ಬಿಳಿ ಕೂಡ ಒಂದು ಬಣ್ಣ ಅಂತ ಆಗ ಮಗನಿಗೆ ಕಾಣುತ್ತದೆ. ಡಬ್ಬಿಯಲ್ಲಿರುವ ಕಪ್ಪು ಕಡ್ಡಿಯನ್ನು ಮೊದಲ ತಿಂಗಳು ಎತ್ತಿಡಿ.